ಆಟದೊಳಗಿನ ದಿಗಂತ: ಗೇಮ್ ಪನೋರಮಾಗಳನ್ನು ನೋಡುವ ಬಗೆ

ವಿಡಿಯೊ ಗೇಮಿನೊಳಗಿನ ಬೆಟ್ಟ, ಬಯಲು, ಊರುಗಳನ್ನು ಒಂದರ ಪಕ್ಕ ಒಂದರಂತೆ ಹಲವು ಸ್ಕ್ರೀನ್‌ಶಾಟ್‌ಗಳಲ್ಲಿ ಹಿಡಿದು, ಅವುಗಳ ಅಂಚುಗಳನ್ನು ಕೂಡಿಸಿ ಮಾಡಿದ ಉದ್ದನೆಯ ಭೂದೃಶ್ಯವೇ ಗೇಮ್ ಪನೋರಮಾ. ಟಿವಿ, ಮಾನಿಟರುಗಳ ಪರದೆ ಹೆಚ್ಚಾಗಿ 16:9ರ ಅಳತೆಯದು. ಆಡುವವರಿಗೆ ಒಂದು ಸಲಕ್ಕೆ ಸುತ್ತಲಿನ ಲೋಕದ ಕಾಲು ಭಾಗ ಕಂಡರೆ ಹೆಚ್ಚು. ಉಳಿದದ್ದನ್ನು ನೋಡಲು ಕ್ಯಾಮೆರಾ ತಿರುಗಿಸಬೇಕು, ತಿರುಗಿಸಿದೊಡನೆ ಮೊದಲು ಕಂಡದ್ದು ಮರೆಯಾಗುತ್ತದೆ. ಆಟದಲ್ಲಿ ಎಂದೂ ಒಟ್ಟಿಗೆ ಕಾಣದ ಆ ಇಡೀ ನೋಟವನ್ನು ಪನೋರಮಾ ಒಂದೇ ಚಿತ್ರದಲ್ಲಿ ತಂದು ನಿಲ್ಲಿಸುತ್ತದೆ. ಅದು ಎಷ್ಟು ಅಗಲವಾಗಿದೆ ಎಂಬುದು ಹೊಸಬರ ಗಮನವನ್ನು ಮೊದಲು ಸೆಳೆಯುತ್ತದೆ. ಆದರೆ ಅದರ ಗುಣ ನಿರ್ಧಾರವಾಗುವುದು ಕಣ್ಣು ಎಲ್ಲಿ ನಿಂತು ನೋಡುತ್ತಿದೆ ಎಂಬುದರ ಮೇಲೆ.

ಈ ಕಲೆಯ ಪೂರ್ವಿಕ ರೂಪಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಬ್ರಿಟನ್ನಿನಲ್ಲಿ ಪನೋರಮಾ ಪದ್ಧತಿಗೆ ಪೇಟೆಂಟ್ ಪಡೆದ. ವೃತ್ತಾಕಾರದ ಕಟ್ಟಡದ ಒಳಗೋಡೆಯ ತುಂಬ ಚಿತ್ರ, ನಡುವೆ ನಿಂತು ಸುತ್ತ ತಿರುಗಿ ನೋಡುವ ಜನ, ಇದು ಅದರ ಏರ್ಪಾಡು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಇನ್ನೊಬ್ಬ ಚಿತ್ರಕಾರ ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಾಗಿದ ಕ್ಯಾನ್ವಾಸಿನ ಮೇಲೆ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶಿಸಿದ. ಶ್ರೀರಂಗಪಟ್ಟಣವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಎಂದೂ ಕಾಣದ ಊರನ್ನು ವಿವರಗಳಿಂದ ಕಟ್ಟಿ, ನೋಡುವವರನ್ನು ಅದರ ನಡುವೆ ನಿಲ್ಲಿಸುವ ಆ ಕೆಲಸವನ್ನೇ ಇಂದು ಗೇಮ್ ಸ್ಟುಡಿಯೊಗಳ ಕಲಾವಿದರು ಮಾಡುತ್ತಿದ್ದಾರೆ. ಪನೋರಮಾ ಮಾಡುವವರು ಅವರು ಕಟ್ಟಿದ ಲೋಕದೊಳಗೆ ಹೊಕ್ಕು ತಮ್ಮ ಜಾಗವನ್ನು ಆರಿಸಿಕೊಳ್ಳುತ್ತಾರೆ.

ಆ ಜಾಗದ ಆಯ್ಕೆಯಲ್ಲಿ ಸೌಂದರ್ಯದ ಜೊತೆ ಜ್ಯಾಮಿತಿಯೂ ಸೇರಿದೆ. ಕ್ಯಾಮೆರಾ ಇದ್ದಲ್ಲೇ ಇದ್ದು ತನ್ನ ಸುತ್ತ ತಾನೇ ತಿರುಗಿದರೆ ಹತ್ತಿರದ ಕಂಬಕ್ಕೂ ದೂರದ ಗುಡ್ಡಕ್ಕೂ ನಡುವಿನ ಸಂಬಂಧ ಬದಲಾಗುವುದಿಲ್ಲ, ಚಿತ್ರಗಳು ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತವೆ. ಕ್ಯಾಮೆರಾ ಜಾಗ ಬಿಟ್ಟು ಸರಿದರೆ ಒಂದು ಚಿತ್ರದಲ್ಲಿ ಗುಡ್ಡದ ಎಡಕ್ಕಿದ್ದ ಕಂಬ ಇನ್ನೊಂದರಲ್ಲಿ ಬಲಕ್ಕೆ ಹೋಗಿರುತ್ತದೆ. ಪಾತ್ರದ ಕಣ್ಣಿನಿಂದಲೇ ನೋಡುವ ಆಟಗಳಲ್ಲಿ ಈ ತೊಂದರೆ ಕಡಿಮೆ. ಪಾತ್ರದ ಬೆನ್ನ ಹಿಂದೆ ಕ್ಯಾಮೆರಾ ಇರುವ ಆಟಗಳಲ್ಲಿ ಅದು ಪಾತ್ರವನ್ನು ಕೇಂದ್ರವಾಗಿಟ್ಟುಕೊಂಡು ಸುತ್ತುವುದರಿಂದ ಪ್ರತಿ ತಿರುವಿಗೂ ಜಾಗ ಬದಲಾಗುತ್ತದೆ. ಅಲ್ಲಿ ಆಟವನ್ನು ನಿಲ್ಲಿಸಿ ಚಿತ್ರ ತೆಗೆಯಲು ಬಿಡುವ ಫೋಟೊ ಮೋಡ್ ಅಥವಾ ಸ್ವತಂತ್ರವಾಗಿ ಓಡಾಡುವ ಕ್ಯಾಮೆರಾ ಬೇಕು, ಇಲ್ಲವೇ ಹತ್ತಿರದ ವಸ್ತುಗಳನ್ನೆಲ್ಲ ಬಿಟ್ಟು ದೂರದ ನೋಟಕ್ಕೇ ತೃಪ್ತಿಪಡಬೇಕು. ಆದ್ದರಿಂದ ಪನೋರಮಾ ಕೈಗೆ ಬಂದಾಗ ಮೊದಲು ಹತ್ತಿರದ ವಸ್ತುಗಳನ್ನು ಪರೀಕ್ಷಿಸಬೇಕು. ಬೇಲಿ, ಮೆಟ್ಟಿಲು, ಮರದ ಕೊಂಬೆ ಎಲ್ಲೂ ಮುರಿಯದೆ ಹರಿದಿದ್ದರೆ ಕಣ್ಣು ಸ್ಥಿರವಾಗಿ ನಿಂತಿತ್ತು ಎಂದರ್ಥ. ಹತ್ತಿರದ್ದು ಏನೂ ಇಲ್ಲದ, ಬರೀ ದೂರದ ಬೆಟ್ಟಸಾಲಿನ ಪನೋರಮಾ ಸುಲಭದ್ದು, ಹೆಚ್ಚಾಗಿ ಸಪ್ಪೆಯದ್ದೂ ಹೌದು.

ಎಷ್ಟು ಚಿತ್ರ ಬೇಕೆಂಬುದು ಸರಳ ಲೆಕ್ಕ. ಒಂದು ಸ್ಕ್ರೀನ್‌ಶಾಟ್ 60 ಡಿಗ್ರಿ ಅಗಲ ಹಿಡಿದರೆ, ಪಕ್ಕದ ಚಿತ್ರದೊಂದಿಗೆ 20 ಡಿಗ್ರಿ ಹಂಚಿಕೊಂಡು ಪ್ರತಿ ಸಲ 40 ಡಿಗ್ರಿ ತಿರುಗಬೇಕು. 9 ಚಿತ್ರಕ್ಕೆ ಒಂದು ಸುತ್ತು ಮುಗಿಯುತ್ತದೆ. ಹ್ಯೂಗಿನ್ ಎಂಬ ಉಚಿತ ತಂತ್ರಾಂಶ ಆ ಹಂಚಿಕೆಯ ಭಾಗದಲ್ಲಿ ಸಮಾನ ಬಿಂದುಗಳನ್ನು ಹುಡುಕಿ ಚಿತ್ರಗಳನ್ನು ಹೊಲಿಯುತ್ತದೆ.

ಹೊಲಿದದ್ದನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಏನಾದರೊಂದನ್ನು ಬಿಟ್ಟುಕೊಡಲೇಬೇಕಾಗುತ್ತದೆ. ಎಲ್ಲ ನೇರಗೆರೆಗಳನ್ನೂ ನೇರವಾಗಿಯೇ ಉಳಿಸುವ ವಿಧಾನದಲ್ಲಿ ಅಂಚುಗಳು ಎಳೆದಂತೆ ಹಿಗ್ಗುತ್ತವೆ. ನಡುವಿನಿಂದ 45 ಡಿಗ್ರಿ ದೂರದಲ್ಲಿರುವುದು ಅಡ್ಡಕ್ಕೆ ಎರಡು ಪಟ್ಟು, 60 ಡಿಗ್ರಿಯಲ್ಲಿರುವುದು ನಾಲ್ಕು ಪಟ್ಟು ಅಗಲವಾಗುತ್ತದೆ. ಹಾಗಾಗಿ 90 ಡಿಗ್ರಿ ದಾಟಿದ ಮೇಲೆ ಈ ವಿಧಾನ ಭೂದೃಶ್ಯಕ್ಕೆ ಒಗ್ಗುವುದು ಕಷ್ಟ. ಸಿಲಿಂಡರಿನ ಮೇಲೆ ಸುತ್ತಿದಂತೆ ಹರಡಿದರೆ ಮರ, ಕಂಬ, ಗೋಪುರ ನೆಟ್ಟಗೇ ಇರುತ್ತವೆ, ದಿಗಂತವೂ ನೇರ. ಆದರೆ ಎದುರಿಗೆ ಅಡ್ಡಲಾಗಿ ಹಾದುಹೋಗುವ ರಸ್ತೆ, ಗೋಡೆ, ಕೋಟೆ ಬಿಲ್ಲಿನಂತೆ ಬಾಗುತ್ತವೆ. ಭೂದೃಶ್ಯದಲ್ಲಿ ಹೆಚ್ಚು ಕಾಣಸಿಗುವುದು ಈ ಬಗೆ. ಬಾಗುವುದು ದೋಷವಲ್ಲ. ಬಾಗಿದ ದಾರಿ ನೋಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆದೊಯ್ಯುವಂತೆ ಮಾಡಿಕೊಂಡವರು ನುರಿತವರು. ಸೊಟ್ಟಗಾದ ದಿಗಂತಕ್ಕೆ ಮಾತ್ರ ರಿಯಾಯಿತಿ ಇಲ್ಲ. ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯದೆ ತಿರುಗಿಸಿ, ಹೊಲಿದ ಮೇಲೂ ಸರಿಪಡಿಸದೆ ಬಿಟ್ಟಾಗ ಅದು ಅಲೆಯಂತೆ ಏರಿಳಿಯುತ್ತದೆ.

ಇಲ್ಲಿಯವರೆಗಿನದು ನಿಜವಾದ ಕ್ಯಾಮೆರಾಕ್ಕೂ ಅನ್ವಯಿಸುವ ಮಾತು. ಗೇಮಿಗೆ ಅದರದೇ ಆದ ಕಷ್ಟಗಳಿವೆ, ರಸಿಕರ ಕಣ್ಣು ಪಳಗಬೇಕಾದದ್ದು ಅಲ್ಲಿ. ನೀರನ್ನು ನೋಡಿದರೆ ಸಾಕು, ಅರ್ಧ ಕಥೆ ತಿಳಿಯುತ್ತದೆ. ಅನೇಕ ಆಟಗಳಲ್ಲಿ ಕೆರೆಯಲ್ಲಿ ಕಾಣುವ ಪ್ರತಿಬಿಂಬವನ್ನು ಆ ಕ್ಷಣಕ್ಕೆ ಪರದೆಯ ಮೇಲೆ ಇರುವ ಚಿತ್ರದಿಂದಲೇ ತಯಾರಿಸುತ್ತಾರೆ. ಬೆಟ್ಟದ ತುದಿ ಚೌಕಟ್ಟಿನಿಂದ ಹೊರಗೆ ಹೋಯಿತೆಂದರೆ ನೀರಿನೊಳಗಿನ ತುದಿಯೂ ಮಾಯ. ಹೀಗಾಗಿ ಅಕ್ಕಪಕ್ಕದ ಎರಡು ಸ್ಕ್ರೀನ್‌ಶಾಟ್‌ಗಳಲ್ಲಿ ದಡ, ಮರ, ಬಂಡೆ ಎಲ್ಲ ತಾಳೆಯಾದರೂ ನೀರು ತಾಳೆಯಾಗುವುದಿಲ್ಲ. ಕೆರೆಯ ನಡುವೆ ಕಾರಣವಿಲ್ಲದೆ ಪ್ರತಿಬಿಂಬ ಮಸುಕಾಗಿ ಮತ್ತೆ ಶುರುವಾಗಿದ್ದರೆ ಹೊಲಿಗೆ ಇರುವುದು ಅಲ್ಲೇ. ಬೆಳಕಿನದೂ ಇಂಥದೇ ಪಾಡು. ಗುಹೆಯ ಕಡೆಯಿಂದ ಸೂರ್ಯನ ಕಡೆಗೆ ತಿರುಗಿದಾಗ ಆಟ ತಾನಾಗಿಯೇ ಬೆಳಕನ್ನು ತಗ್ಗಿಸುತ್ತದೆ, ಆಗ ಒಂದೇ ಆಕಾಶಕ್ಕೆ ಎರಡು ನೀಲಿ. ಚಿತ್ರದ ಮೂಲೆಗಳನ್ನು ಕಪ್ಪಾಗಿಸುವ ವಿನ್ಯೆಟ್ ಪರಿಣಾಮ ಚಾಲೂ ಇದ್ದರೆ ಆಕಾಶದಲ್ಲಿ ಸಮ ಅಂತರದಲ್ಲಿ ಕಪ್ಪು ಪಟ್ಟೆಗಳು ಮೂಡುತ್ತವೆ. ಮೋಡ ಚಲಿಸುತ್ತದೆ, ಹುಲ್ಲು ಓಲಾಡುತ್ತದೆ, ಆಟದ ಗಡಿಯಾರ ಓಡಿ ನೆರಳು ಸರಿಯುತ್ತದೆ. ಕಾಲವನ್ನೇ ನಿಲ್ಲಿಸುವ ಫೋಟೊ ಮೋಡ್ ಈ ಕಲೆಗೆ ದೊಡ್ಡ ವರವಾದದ್ದು ಅದಕ್ಕೇ. 2016ರಲ್ಲಿ ಎನ್‌ವಿಡಿಯಾ ಹೊರತಂದ ಆನ್ಸೆಲ್ ಎಂಬ ಸಾಧನ, ಅದನ್ನು ಅಳವಡಿಸಿಕೊಂಡ ಆಟಗಳಲ್ಲಿ ದೃಶ್ಯವನ್ನು ತಡೆಹಿಡಿದು 360 ಡಿಗ್ರಿ ಚಿತ್ರವನ್ನು ತಾನೇ ತೆಗೆದುಕೊಡುತ್ತಿತ್ತು. ಅದರಿಂದ ಶ್ರಮ ಉಳಿಯಿತು, ಆದರೆ ನಿಲ್ಲುವ ಜಾಗವನ್ನು ಆರಿಸಿಕೊಡಲು ಅದಕ್ಕೂ ಆಗಲಿಲ್ಲ.

ಕನ್ನಡದ ಓದುಗರು ಅಭ್ಯಾಸಕ್ಕೆ ಎತ್ತಿಕೊಳ್ಳಬಹುದಾದ ಆಟವೆಂದರೆ ನಾಟಿ ಡಾಗ್ ಸಂಸ್ಥೆ 2017ರಲ್ಲಿ ಹೊರತಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’. ಪಶ್ಚಿಮ ಘಟ್ಟವೇ ಅದರ ರಂಗ, ಹೊಯ್ಸಳರ ನಿಧಿಯ ಹುಡುಕಾಟವೇ ಕಥೆ. ನಾಲ್ಕನೆಯ ಅಧ್ಯಾಯದಲ್ಲಿ ಕೆಸರು ದಾರಿ, ಜಲಪಾತ, ಪಾಳು ಕಟ್ಟಡಗಳ ವಿಶಾಲ ಕಣಿವೆ ತೆರೆದುಕೊಳ್ಳುತ್ತದೆ. ನಾಯಕಿ ಕ್ಲೋಯಿ ಎತ್ತರದ ಗೋಪುರವೊಂದನ್ನು ಹತ್ತಿ ಸುತ್ತಲೂ ನೋಡಿ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಪನೋರಮಾಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಜಾಗ ಆ ಗೋಪುರದ ತುದಿ. ಅಲ್ಲಿಂದ ಎಲ್ಲವೂ ಕಾಣುತ್ತದೆ, ಆದರೆ ಎಲ್ಲವೂ ಕೆಳಗೆ ಕುಗ್ಗಿ ಒಂದೇ ಮಟ್ಟಕ್ಕೆ ಬಂದುಬಿಡುತ್ತದೆ. ಕಣಿವೆಯ ತಳದಲ್ಲಿ, ನೀರಿನ ಅಂಚಿನಲ್ಲಿ ನಿಂತು ಹಿಡಿದದ್ದರಲ್ಲಿ ಕಟ್ಟಡಗಳು ಆಕಾಶಕ್ಕೆ ಚಾಚುತ್ತವೆ, ಎತ್ತರ ಮೈಗೆ ತಾಕುತ್ತದೆ. ಬೇಲೂರು, ಹಳೇಬೀಡು ಕಂಡವರಿಗೆ ಇನ್ನೊಂದು ಸಂಗತಿಯೂ ಕಾಣದಿರದು. ನಿಜವಾದ ಹೊಯ್ಸಳ ಗುಡಿ ಜಗತಿಯ ಮೇಲೆ ಕುಳ್ಳಾಗಿ ಹರಡಿಕೊಂಡು, ಜನರನ್ನು ಗೋಡೆಯ ಹತ್ತಿರ ಹತ್ತಿರಕ್ಕೆ ಕರೆಯುವಂಥದ್ದು. ಆಟದ ವಾಸ್ತು ದೂರದಿಂದ ನೋಡಲೆಂದೇ ಬೃಹತ್ತಾಗಿ ಬೆಳೆದಿದೆ. ಬಿಡಿ ಸ್ಕ್ರೀನ್‌ಶಾಟ್‌ನಲ್ಲಿ ಮುಚ್ಚಿಹೋಗುವ ಈ ಅಂತರ ಪನೋರಮಾದಲ್ಲಿ ಎದ್ದು ಕಾಣುತ್ತದೆ.

ಘಟ್ಟದ ನೋಟಕ್ಕೆ ತದ್ವಿರುದ್ಧವಾದದ್ದು ಬಯಲಿನ ನೋಟ. ನಿಜ ಲೋಕದ ಉದಾಹರಣೆ ಕೊಡುವುದಾದರೆ, ಪುಣೆ ಜಿಲ್ಲೆಯ ಪಶ್ಚಿಮದಂಚು ಸಹ್ಯಾದ್ರಿಯಾದರೆ ಪೂರ್ವಕ್ಕಿರುವ ಬಾರಾಮತಿ ತಾಲ್ಲೂಕು ಮಳೆನೆರಳಿನ ಸೀಮೆ. ನೀರಾ ಎಡದಂಡೆ ಕಾಲುವೆ ಹರಿದಲ್ಲಿ ಕಬ್ಬು, ಸುಪೆಯ ಬಳಿಯ ಮಯೂರೇಶ್ವರ ಅಭಯಾರಣ್ಯದ ಕಡೆ ಚಿಂಕಾರಗಳು ಮೇಯುವ ಕುರುಚಲು ಹುಲ್ಲುಗಾವಲು. ಇಂಥ ನೆಲದಲ್ಲಿ ದಿಗಂತ ಒಂದೇ ಗೆರೆ. ಕಣ್ಣಿಗೆ ಆಸರೆಯಾಗುವುದು ಒಂಟಿ ಮರವೋ, ಸೋಮೇಶ್ವರ, ಮಾಳೆಗಾಂವ್ ಸಕ್ಕರೆ ಕಾರ್ಖಾನೆಗಳ ಚಿಮಣಿಯೋ. ‘ರೆಡ್ ಡೆಡ್ ರಿಡೆಂಪ್ಶನ್ 2’ರ ಹುಲ್ಲುಬಯಲಿನಂಥ ಕಡೆ ತೆಗೆದ ಪನೋರಮಾಗಳಿಗೂ ಇದೇ ಕಟ್ಟುಪಾಡು. ನೆಟ್ಟಗೆ ನಿಂತ ಆ ಒಂದೆರಡು ವಸ್ತುಗಳ ನಡುವಿನ ಖಾಲಿ ಜಾಗವೇ ಚಿತ್ರದ ಲಯ. ಅವು ತೀರ ನಡುವೆ ಬಂದರೆ ಎರಡೂ ರೆಕ್ಕೆ ಸತ್ತಂತಾಗುತ್ತವೆ. ದಿಗಂತವನ್ನು ಕೆಳಗಿಳಿಸಿ ಮೂರು ಪಾಲು ಆಕಾಶಕ್ಕೆ ಬಿಟ್ಟ ಬಯಲಿನ ಪನೋರಮಾ ಘಟ್ಟದ ಹತ್ತು ಪನೋರಮಾಗಳಿಗಿಂತ ಕಠಿಣವಾದ ಸಾಧನೆ.

ಕಣ್ಣು ಒಂದೇ ಕಡೆ ನಿಲ್ಲದ ಉದ್ದ ಚಿತ್ರಗಳೂ ಇವೆ, ಅವನ್ನು ಬೇರೆ ಅಳತೆಗೋಲಿನಿಂದ ನೋಡಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಅದರ ಮುಂದೆ ಗೋಡೆಯುದ್ದಕ್ಕೂ ನಡೆಯುತ್ತ ಹೋಗಬೇಕು, ಯಾವ ಒಂದು ಜಾಗದಿಂದಲೂ ಆ ಕಾಳಗ ಹಾಗೆ ಕಾಣದು. ಪಕ್ಕಕ್ಕೆ ಓಡುವ ಹಳೆಯ ಆಟಗಳ ಸ್ಕ್ರೀನ್‌ಶಾಟ್‌ಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಗಳು ಈ ಜಾತಿಯವು. ನೆಲ, ಇಟ್ಟಿಗೆ, ಏಣಿಗಳು ಸರಿಯಾಗಿ ಕೂಡುತ್ತವೆ. ಹಿನ್ನೆಲೆಯ ಬೆಟ್ಟ ಮಾತ್ರ ಮುನ್ನೆಲೆಗಿಂತ ನಿಧಾನವಾಗಿ ಸರಿಯುವಂತೆ ಮಾಡಿದ ಆಟಗಳಲ್ಲಿ (1982ರ ‘ಮೂನ್ ಪಟ್ರೋಲ್’ನಿಂದಲೂ ಈ ತಂತ್ರ ಬಳಕೆಯಲ್ಲಿದೆ) ಒಂದೇ ಶಿಖರ ಮೂರು ನಾಲ್ಕು ಸಲ ಬಂದುಬಿಡುತ್ತದೆ. ಬಲ್ಲವರು ಪದರಗಳನ್ನು ಬೇರೆ ಮಾಡಿ, ಬೆಟ್ಟಕ್ಕೆ ಒಂದು ಜೋಡಣೆ, ನೆಲಕ್ಕೆ ಇನ್ನೊಂದು ಎಂದು ಎರಡು ಸಲ ಹೊಲಿಯುತ್ತಾರೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸ್ಟುಡಿಯೊ 2020ರಲ್ಲಿ ಹೊರತಂದ ‘ರಾಜಿ: ಆನ್ ಏನ್ಷಿಯೆಂಟ್ ಎಪಿಕ್’ ಈ ಎರಡೂ ಜಾತಿಗಳ ನಡುವೆ ನಿಲ್ಲುತ್ತದೆ. ಅಲ್ಲಿ ಕ್ಯಾಮೆರಾ ಆಡುವವರ ಕೈಯಲ್ಲಿಲ್ಲ, ಎಲ್ಲಿಂದ ನೋಡಬೇಕೆಂಬುದನ್ನು ಆಟ ಮೊದಲೇ ಗೊತ್ತುಮಾಡಿದೆ. ತಿರುಗಿ ಸುತ್ತು ನೋಟ ಹಿಡಿಯಲು ಆಸ್ಪದವಿಲ್ಲ. ನಾಯಕಿ ರಾಜಿ ಕೋಟೆಯ ಅಂಗಳದಲ್ಲಿ ನಡೆದಂತೆ ಕ್ಯಾಮೆರಾ ಜಾರುತ್ತ ಸಾಗುತ್ತದೆ, ಆ ಜಾರುವಿಕೆಯಲ್ಲೇ ಹಿಡಿದ ಚಿತ್ರಗಳನ್ನು ಕೂಡಿಸಬೇಕು. ಹತ್ತಿರದ ಕಮಾನುಗಳನ್ನು ತಾಳೆ ಮಾಡಿದರೆ ದೂರದ ಗೋಪುರಗಳು ಎರಡೆರಡಾಗಿ ಕಾಣುತ್ತವೆ, ಗೋಪುರಗಳನ್ನು ತಾಳೆ ಮಾಡಿದರೆ ಕಮಾನುಗಳು ಮುರಿಯುತ್ತವೆ. ಯಾವುದನ್ನು ಉಳಿಸಿಕೊಳ್ಳಬೇಕು, ಹೊಲಿಗೆಯನ್ನು ಯಾವ ಕಂಬದ ಅಂಚಿನಲ್ಲಿ ಅಡಗಿಸಬೇಕು ಎಂಬುದನ್ನು ಮಾಡುವವರೇ ಒಂದೊಂದು ಕಡೆಯೂ ಕೈಯಾರೆ ತೀರ್ಮಾನಿಸಬೇಕಾಗುತ್ತದೆ.

ಇನ್ನು ಉಳಿದದ್ದು ನೋಡುವ ಕ್ರಮ. ಫೋನಿನ ಪರದೆಗೆ ಇಳಿಸಿದ ಪನೋರಮಾ ತೆಳು ಪಟ್ಟಿಯಾಗಿ ಬಿಡುವುದರಿಂದ ಅದರ ಮೇಲೆ ತೀರ್ಪು ಕೊಡುವುದು ಸಲ್ಲ. ದೊಡ್ಡ ಮಾನಿಟರಿನಲ್ಲಿ ಒಮ್ಮೆ ಇಡಿಯಾಗಿ ನೋಡಿ ಬೆಳಕಿನ ಹಂಚಿಕೆ ತಿಳಿದುಕೊಳ್ಳಬೇಕು. ಆಮೇಲೆ ಪೂರ್ಣ ಅಳತೆಗೆ ಹಿಗ್ಗಿಸಿ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತ ನೀರು, ನೆರಳು, ಹುಲ್ಲಿನ ತುದಿಗಳನ್ನು ಓದಬೇಕು. 360 ಡಿಗ್ರಿಯ ಚಿತ್ರವಾದರೆ ಎಡಬಲದ ಎರಡು ಅಂಚುಗಳೂ ಒಂದಕ್ಕೊಂದು ಕೂಡಬೇಕು. ಮುದ್ರಿಸಿದರೆ ಉದ್ದದ ಮೂರನೆಯ ಒಂದು ಪಾಲಿನಷ್ಟು ದೂರದಲ್ಲಿ ನಿಂತು, ತಲೆ ತಿರುಗಿಸಿಯೇ ನೋಡಬೇಕು.