ಬಿರುಕಿನ ಬಳಿಕದ ಬಲ: ಗ್ಲೇರ್ ಪದರವಸ್ತುವಿನ ಮೌಲ್ಯಮಾಪನ

ಒಂದು ವಸ್ತು ಎಷ್ಟು ಹೊರೆಗೆ ತುಂಡಾಗುತ್ತದೆ ಎಂಬುದರಿಂದಲೇ ಅದರ ಬಲವನ್ನು ಅಳೆಯುವ ರೂಢಿ ಹಳೆಯದಾದರೂ, ಒಂದೇ ಭಾಗವು ಸಾವಿರಾರು ಸಲ ಹೊರೆ ಹೊತ್ತು ಇಳಿಸಬೇಕಾದ ವಿಮಾನದಲ್ಲಿ ಆ ಅಳತೆ ಸಾಲುವುದಿಲ್ಲ. ಲೋಹದ ತೆಳು ತಗಡುಗಳನ್ನೂ ನಾರಿನ ಪದರಗಳನ್ನೂ ಒಂದರ ಮೇಲೊಂದು ಅಂಟಿಸಿ ಮಾಡುವ ಮಿಶ್ರ ವಸ್ತುಗಳಲ್ಲಿ ಹೆಚ್ಚು ಹೆಸರಾದ ಗ್ಲೇರ್ ಇದಕ್ಕೆ ಸ್ಪಷ್ಟ ನಿದರ್ಶನ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿ, ಏರ್‌ಬಸ್ ಎ380 ವಿಮಾನದ ಹೊರಮೈಗೆ ಸೇರಿದ ಈ ವಸ್ತುವನ್ನು ಕೆಲವರು ಅಲ್ಯೂಮಿನಿಯಮ್ಮಿಗಿಂತ ಎಲ್ಲ ರೀತಿಯಲ್ಲೂ ಬಲವಾದದ್ದೆಂದು ಕೊಂಡಾಡಿದ್ದಾರೆ, ಕೆಲವರು ಕಾಲ ಮುಗಿದ ಪ್ರಯೋಗವೆಂದು ಬದಿಗಿಟ್ಟಿದ್ದಾರೆ. ಅದರ ಬಲ ಎಲ್ಲಿದೆ, ಎಲ್ಲಿ ಇಲ್ಲ ಎಂಬುದನ್ನು ಬಿಡಿಸಿ ನೋಡಿದರೆ ಈ ಎರಡು ತೀರ್ಪುಗಳೂ ಅವಸರದವೆಂದು ಕಾಣುತ್ತದೆ.

ಹಾರಾಟದ ಎತ್ತರದಲ್ಲಿ ಹೊರಗಿನ ಗಾಳಿ ತೆಳುವಾಗಿರುವುದರಿಂದ ಪ್ರಯಾಣಿಕರಿರುವ ಒಡಲಿನೊಳಗೆ ಹೆಚ್ಚಿನ ಒತ್ತಡವನ್ನು ಕಾಯ್ದುಕೊಳ್ಳಬೇಕಾಗುತ್ತದೆ. ಹೀಗಾಗಿ ಪ್ರತಿ ಹಾರಾಟದಲ್ಲೂ ವಿಮಾನದ ಒಡಲು ಒಮ್ಮೆ ಹಿಗ್ಗಿ, ನೆಲಕ್ಕಿಳಿದಾಗ ಕುಗ್ಗುತ್ತದೆ. ಲೋಹವನ್ನು ಒಮ್ಮೆಗೇ ಮುರಿಯಲಾರದ ಹೊರೆಯೂ ಹೀಗೆ ಮರುಕಳಿಸುತ್ತಿದ್ದರೆ ರಿವೆಟ್ ರಂಧ್ರಗಳ ಅಂಚಿನಲ್ಲಿ ಸೂಕ್ಷ್ಮ ಬಿರುಕುಗಳನ್ನು ಹುಟ್ಟಿಸಿ ಬೆಳೆಸುತ್ತದೆ, ಇದನ್ನು ಲೋಹದ ದಣಿವು ಎನ್ನುತ್ತಾರೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮುಂಭಾಗದ ಚಾವಣಿ ಹಾರಾಟದ ನಡುವೆಯೇ ಕಿತ್ತುಹೋದದ್ದಕ್ಕೆ ಇದೇ ಕಾರಣ. ಆ ವಿಮಾನ ಅಷ್ಟರೊಳಗೆ 89,000ಕ್ಕೂ ಹೆಚ್ಚು ಸಲ ಹಾರಿತ್ತು. ತಗಡುಗಳು ಕೂಡುವಲ್ಲಿ ಅಂಟು ಬಿಟ್ಟು, ಹೊರೆ ರಿವೆಟ್‌ಗಳ ಮೇಲೆ ಬಿದ್ದು, ಸಾಲು ರಂಧ್ರಗಳಲ್ಲಿ ಹುಟ್ಟಿದ ಚಿಕ್ಕ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಬಿರುಕು ಹುಟ್ಟಿದ ಮೇಲೂ ಅದು ತಪಾಸಣೆಯಲ್ಲಿ ಪತ್ತೆಯಾಗುವವರೆಗೆ ಹೊರೆ ಹೊತ್ತು ನಿಲ್ಲುವ ಗುಣಕ್ಕೆ ಹಾನಿ ಸಹಿಷ್ಣುತೆ ಎಂದು ಹೆಸರು. ಗ್ಲೇರ್ ಅನ್ನು ಮೊದಲು ಅಳೆಯಬೇಕಾದದ್ದು ಈ ಗುಣದಿಂದ.

ಇದರ ಬೇರು ಡಚ್ ಕಂಪನಿ ಫೋಕರ್‌ನ ಕಾರ್ಖಾನೆಯಲ್ಲಿದೆ. ದಪ್ಪ ಲೋಹವನ್ನು ಕೊರೆದು ಆಕಾರ ಕೊಡುವ ಬದಲು ತೆಳು ತಗಡುಗಳನ್ನು ಅಂಟಿಸಿ ಬೇಕಾದ ದಪ್ಪಕ್ಕೆ ತರುವ ಪದ್ಧತಿಯನ್ನು ಆ ಕಂಪನಿ ಎರಡನೇ ಮಹಾಯುದ್ಧದ ನಂತರ ರೂಢಿಸಿಕೊಂಡಿತ್ತು, ಮತ್ತು ಅಂಟಿಸಿದ ಪದರಗಳಲ್ಲಿ ಬಿರುಕು ನಿಧಾನವಾಗಿ ಹರಡುತ್ತದೆಂಬುದು ಅಲ್ಲಿಂದಲೇ ತಿಳಿದುಬಂದಿತು. ಅಂಟಿನ ಪದರಕ್ಕೆ ನಾರನ್ನು ಸೇರಿಸಿದರೆ ಈ ಗುಣ ಇನ್ನೂ ಹೆಚ್ಚುತ್ತದೆಂಬ ಅರಿವಿನಿಂದ ಡೆಲ್ಫ್ಟ್‌ನಲ್ಲಿ ಯಾಪ್ ಸ್ಖೈವೆ, ಬೌಡ್ ಫೋಗೆಲೆಸಾಂಗ್ ಮೊದಲಾದವರು ಅರಾಮಿಡ್ ಎಂಬ ಕೃತಕ ನಾರನ್ನು ಬಳಸಿ ಆರಾಲ್ ಎಂಬ ವಸ್ತುವನ್ನು ರೂಪಿಸಿದರು. ಆದರೆ ಅರಾಮಿಡ್ ನಾರು ರಾಳಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ, ಒತ್ತಿ ಕುಗ್ಗಿಸುವ ಹೊರೆಯನ್ನೂ ತಾಳುವುದಿಲ್ಲ; ಎಳೆತ ಮತ್ತು ಒತ್ತುವಿಕೆ ಸರದಿಯಂತೆ ಬಂದಾಗ ನಾರುಗಳೇ ತುಂಡಾಗತೊಡಗಿದವು. ಆ ಜಾಗಕ್ಕೆ ಗಾಜಿನ ನಾರು ಬಂದದ್ದೇ ಗ್ಲೇರ್. ಅರ್ಧ ಮಿಲಿಮೀಟರಿಗೂ ತೆಳುವಾದ ಅಲ್ಯೂಮಿನಿಯಂ ತಗಡುಗಳ ನಡುವೆ ಎಪಾಕ್ಸಿ ರಾಳದಲ್ಲಿ ನೆನೆದ ಗಾಜಿನ ನಾರಿನ ಹಾಳೆಗಳನ್ನಿಟ್ಟು, ಆಟೋಕ್ಲೇವ್ ಎಂಬ ಒತ್ತಡದ ಕುಲುಮೆಯಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದನ್ನು ಗಟ್ಟಿಗೊಳಿಸುತ್ತಾರೆ.

ಈ ವಸ್ತುವಿನ ನಿಜವಾದ ಸಾಧನೆ ಬಿರುಕು ಹುಟ್ಟಿದ ಕ್ಷಣದಿಂದ ಆರಂಭವಾಗುತ್ತದೆ. ಅಲ್ಯೂಮಿನಿಯಂ ಪದರ ಸೀಳಿದರೂ ಅದರ ಪಕ್ಕದ ಗಾಜಿನ ನಾರುಗಳು ತುಂಡಾಗದೆ, ಹರಿದ ಬಟ್ಟೆಯ ಎರಡು ಅಂಚುಗಳನ್ನು ಹೊಲಿಗೆ ಹಿಡಿದಿಡುವಂತೆ ಬಿರುಕಿನ ಎರಡೂ ದಡಗಳನ್ನು ಹಿಡಿದಿಡುತ್ತವೆ. ಹೊರೆಯ ಒಂದು ಪಾಲು ನಾರುಗಳ ಮೂಲಕ ದಾಟಿಹೋಗುವುದರಿಂದ ಬಿರುಕಿನ ತುದಿಯ ಮೇಲಿನ ಬಲ ತಗ್ಗಿ, ಅದರ ಬೆಳವಣಿಗೆ ಬರಿಯ ಅಲ್ಯೂಮಿನಿಯಮ್ಮಿಗೆ ಹೋಲಿಸಿದರೆ ಹತ್ತು ಪಟ್ಟಿಗೂ ಹೆಚ್ಚು ನಿಧಾನವಾಗುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಬಿರುಕಿನ ಸುತ್ತ ಲೋಹ ಮತ್ತು ನಾರಿನ ನಡುವಿನ ಅಂಟು ಸ್ವಲ್ಪ ಬಿಟ್ಟುಕೊಡಬೇಕು, ಆಗ ಮಾತ್ರ ನಾರು ಹೆಚ್ಚು ಉದ್ದದಲ್ಲಿ ಹಿಗ್ಗಲು ಅವಕಾಶವಾಗುತ್ತದೆ. ಅಂಟು ಸ್ವಲ್ಪವೂ ಬಿಡದಿದ್ದರೆ ಎಳೆತವೆಲ್ಲ ಬಿರುಕಿನ ಬಾಯಿಯಲ್ಲೇ ಸೇರಿ ನಾರು ಕಡಿದುಹೋಗುತ್ತದೆ, ಅತಿಯಾಗಿ ಬಿಟ್ಟರೆ ನಾರಿನ ಹಿಡಿತವೇ ಸಡಿಲವಾಗುತ್ತದೆ. ಪದರ ಬೇರ್ಪಡುವುದನ್ನು ಸಾಮಾನ್ಯವಾಗಿ ದೋಷವೆಂದೇ ಎಣಿಸುವ ತಂತ್ರಶಾಸ್ತ್ರದಲ್ಲಿ, ಅದನ್ನು ಮಿತಿಯೊಳಗಿಟ್ಟು ರಕ್ಷಣೆಯ ಉಪಾಯವಾಗಿಸಿದ್ದು ಗ್ಲೇರ್‌ನ ವಿನ್ಯಾಸದ ಹಿರಿಮೆ.

ಆದರೆ ಈ ಹಿರಿಮೆಯ ಜೊತೆಗೆ ಬರುವ ಮಿತಿಗಳನ್ನು ಮರೆಮಾಡುವುದು ಸಲ್ಲದು. ನಾರುಗಳನ್ನು ಎರಡು ದಿಕ್ಕಿನಲ್ಲೂ ಸಮವಾಗಿ ಹಾಸಿದ ಗ್ಲೇರ್ 3 ಎಂಬ ಬಗೆ ತುಂಡಾಗುವ ಬಲದಲ್ಲಿ ವಿಮಾನದ ಸಾಮಾನ್ಯ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಹಳ ಹಿಂದಿಕ್ಕುತ್ತದೆಯಾದರೂ, ಹೊರೆಗೆ ಬಾಗದೆ ನಿಲ್ಲುವ ಗುಣವಾದ ಬಿಗಿತದಲ್ಲಿ ಅದಕ್ಕಿಂತ ಹಿಂದುಳಿಯುತ್ತದೆ: ಅಲ್ಯೂಮಿನಿಯಮ್ಮಿನ ಬಿಗಿತ ಸುಮಾರು 72 ಗಿಗಾಪ್ಯಾಸ್ಕಲ್ ಇದ್ದರೆ ಇದರದು 60ಕ್ಕೂ ಕಡಿಮೆ. ತಯಾರಿಕೆಯ ಶಾಖ ಇಳಿಯುವಾಗ ಗಾಜಿಗಿಂತ ಹೆಚ್ಚು ಕುಗ್ಗಬಯಸುವ ಅಲ್ಯೂಮಿನಿಯಮ್ಮನ್ನು ನಾರು ತಡೆದು ಹಿಡಿಯುವುದರಿಂದ, ಹೊರೆ ಬೀಳುವ ಮೊದಲೇ ಲೋಹದ ಪದರಗಳಲ್ಲಿ ಎಳೆತ ಉಳಿದುಕೊಂಡಿರುತ್ತದೆ. ಇದರಿಂದ ಗ್ಲೇರ್‌ನ ಲೋಹದಲ್ಲಿ ಮೊದಲ ಬಿರುಕು ಬರಿಯ ಅಲ್ಯೂಮಿನಿಯಮ್ಮಿಗಿಂತ ಬೇಗನೆ ಕಾಣಿಸಿಕೊಳ್ಳಬಹುದು. ಒಳಪದರಗಳ ಬಿರುಕು ಮತ್ತು ಪದರಗಳ ಬೇರ್ಪಡಿಕೆ ಬರಿಗಣ್ಣಿಗೆ ಕಾಣದಿರುವುದರಿಂದ ತಪಾಸಣೆಗೆ ಶ್ರವಣಾತೀತ ತರಂಗಗಳಂಥ ಸಾಧನಗಳು ಬೇಕಾಗುತ್ತವೆ. ಬೆಲೆಯಂತೂ ಅಲ್ಯೂಮಿನಿಯಮ್ಮಿನ ಹಲವು ಪಟ್ಟು.

ಎ380ರ ವಿನ್ಯಾಸಕಾರರು ಈ ಗುಣದೋಷಗಳನ್ನು ತೂಗಿದ ಬಗೆ ವಿವೇಕದ್ದೆಂದೇ ಹೇಳಬೇಕು. 2005ರ ಏಪ್ರಿಲ್ 27ರಂದು ಮೊದಲು ಹಾರಿದ ಆ ವಿಮಾನದಲ್ಲಿ ಅವರು ಗ್ಲೇರ್ ಅನ್ನು ಎಲ್ಲೆಡೆ ಹರಡದೆ, ಒಳಗಿನ ಒತ್ತಡದಿಂದ ಎಳೆತಕ್ಕೆ ಒಳಗಾಗಿ ದಣಿಯುವ ಒಡಲಿನ ಮೇಲ್ಭಾಗಕ್ಕೂ, ಹಕ್ಕಿ, ಆಲಿಕಲ್ಲುಗಳ ಪೆಟ್ಟು ಬೀಳುವ ಬಾಲದ ರೆಕ್ಕೆಗಳ ಮುಂಚೂಣಿಗೂ ಮೀಸಲಿಟ್ಟರು. ಹೊರಪದರ ಲೋಹವಾದ್ದರಿಂದ ಪೆಟ್ಟಿನ ಗುರುತು ತಗ್ಗಾಗಿ ಕಾಣುತ್ತದೆ ಮತ್ತು ಸಿಡಿಲಿನ ವಿದ್ಯುತ್ತು ಸುಲಭವಾಗಿ ಹರಿದುಹೋಗುತ್ತದೆ. ಬೆಂಕಿ ತಗುಲಿದಾಗ ಹೊರಗಿನ ಅಲ್ಯೂಮಿನಿಯಂ ಸುಮಾರು 660 ಡಿಗ್ರಿಯಲ್ಲಿ ಕರಗಿಹೋದರೂ ಒಳಗಿನ ಗಾಜಿನ ನಾರು ತಡೆಗೋಡೆಯಾಗಿ ನಿಂತು ಪ್ರಯಾಣಿಕರು ಹೊರಬರಲು ಬೇಕಾದ ಸಮಯವನ್ನು ಒದಗಿಸುತ್ತದೆ.

ಆ ವಿಮಾನದ ತಯಾರಿಕೆ 2021ರಲ್ಲಿ ನಿಂತದ್ದು, ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳು ಒಡಲಿಗೆ ಇಂಗಾಲದ ನಾರಿನ ಸಂಯುಕ್ತಗಳನ್ನು ಆರಿಸಿಕೊಂಡದ್ದು ಗ್ಲೇರ್‌ನ ಸೋಲಿಗೆ ಸಾಕ್ಷಿಯೆಂಬ ವಾದವಿದೆ. ಆದರೆ ಎ380 ನಿಂತದ್ದು ನಾಲ್ಕು ಎಂಜಿನ್‌ಗಳ ದೈತ್ಯ ವಿಮಾನಕ್ಕೆ ಕೊಳ್ಳುವವರು ಕಡಿಮೆಯಾದುದರಿಂದ. ಅದರ ಹೊರಮೈಯ ವಸ್ತುವಿಗೆ ಅದರಲ್ಲಿ ಪಾತ್ರವಿರಲಿಲ್ಲ. ಇಂಗಾಲದ ನಾರು ಹಗುರವೂ ಹೆಚ್ಚು ಬಿಗಿಯೂ ಆಗಿರುವುದು ನಿಜವಾದರೂ, ಹೊರಗೆ ಅಷ್ಟಾಗಿ ಗುರುತು ಬಿಡದ ಪೆಟ್ಟು ಅದರೊಳಗೆ ಗಣನೀಯ ಹಾನಿ ಮಾಡಿರಬಹುದೆಂಬ ಚಿಂತೆ ಅದರ ಜೊತೆಗೇ ಬಂದಿದೆ. ಅದನ್ನು ಅಲ್ಯೂಮಿನಿಯಮ್ಮಿನೊಡನೆ ನೇರವಾಗಿ ಪದರಿಸಿದರೆ ತೇವದಲ್ಲಿ ಎರಡರ ನಡುವೆ ವಿದ್ಯುತ್ ಹರಿದು ಲೋಹ ತುಕ್ಕು ಹಿಡಿಯುತ್ತದೆ; ಹಾಗಾಗಿ ಅದಕ್ಕೆ ಟೈಟಾನಿಯಂ ಹೆಚ್ಚು ಹೊಂದುತ್ತದೆ.

ಆದ್ದರಿಂದ ಮಿಶ್ರ ಪದರವಸ್ತುಗಳ ಬಲದ ಬಗ್ಗೆ ಬರೆಯುವವರು ತುಂಡಾಗುವ ಬಲದ ಒಂದು ಅಂಕಿಯನ್ನು ಮುಂದಿಟ್ಟು ಸುಮ್ಮನಾಗಬಾರದು. ಭಾಗ ಯಾವುದು, ಹೊರೆ ಎಳೆತದ್ದೋ ಒತ್ತುವಿಕೆಯದ್ದೋ, ಹಾನಿ ಹೇಗೆ ಹುಟ್ಟಿ ಎಷ್ಟು ವೇಗದಲ್ಲಿ ಹರಡುತ್ತದೆ, ಅದನ್ನು ಕಂಡುಹಿಡಿಯುವವರ ಕೈಯಲ್ಲಿ ಯಾವ ಸಾಧನವಿದೆ ಎಂಬುದನ್ನೂ ಹೇಳಬೇಕು. ಆ ಅಳತೆಯಲ್ಲಿ ಗ್ಲೇರ್ ಒಡಲಿನ ಚಾವಣಿಗೆ ಶ್ರೇಷ್ಠವೆಂದೂ, ಬಿಗಿತವೇ ಮುಖ್ಯವಾದ ಭಾಗಗಳಿಗೆ ಸಲ್ಲದೆಂದೂ ನಿಸ್ಸಂದೇಹವಾಗಿ ಹೇಳಬಹುದು. ಲೋಹದ ದಣಿವಿಗೆ ನಾರಿನಿಂದ ಉತ್ತರ ಕೊಡಬಹುದೆಂದು ಅದು ಪ್ರಯೋಗಾಲಯದಿಂದಾಚೆ, ಪ್ರಯಾಣಿಕರನ್ನು ಹೊತ್ತು ಹಾರುವ ವಿಮಾನಗಳಲ್ಲಿ ತೋರಿಸಿಕೊಟ್ಟಿದೆ. ಮುಂದಿನ ಪದರವಸ್ತುಗಳು ಬೆಲೆಯನ್ನೂ ತಪಾಸಣೆಯ ಕಷ್ಟವನ್ನೂ ಇಳಿಸಿದರೆ ಈ ಉತ್ತರಕ್ಕೆ ಇನ್ನೂ ವಿಶಾಲವಾದ ಬಳಕೆ ದೊರೆಯುತ್ತದೆ.