ಅಕಾರಾದಿ ಸೂಚಿಯೂ ಮ್ಯಾಕ್ರೊವೂ: ಒಂದು ವಿಮರ್ಶೆ

ಇತಿಹಾಸಗ್ರಂಥದ ಕೊನೆಯಲ್ಲಿ ಬರುವ ಅಕಾರಾದಿ ಸೂಚಿಯನ್ನು ಗ್ರಂಥದ ಅಂಗವೆಂದು ಎಣಿಸುವವರು ನಮ್ಮಲ್ಲಿ ವಿರಳ. ಬರೆಹ ಮುಗಿದ ಮೇಲೆ ಮತ್ತಾರೋ ಮಾಡಿ ಸೇರಿಸಬಹುದಾದ ಪಟ್ಟಿ ಅದು ಎಂಬ ಭಾವನೆ ಹಿಂದೆಯೂ ಇದ್ದಿತು. ಕಂಪ್ಯೂಟರಿನ ಮ್ಯಾಕ್ರೊ ಬಳಕೆಗೆ ಬಂದ ಮೇಲೆ ಅದು ಮತ್ತಷ್ಟು ಬಲಗೊಂಡಿದೆ. ಪದೇ ಪದೇ ಮಾಡಬೇಕಾದ ಕೆಲಸವನ್ನು ಒಂದೇ ಆಜ್ಞೆಯಿಂದ ನಡೆಯಿಸುವ ಸೂಚನೆಗಳ ಮಾಲೆಗೆ ಮ್ಯಾಕ್ರೊ ಎಂದು ಹೆಸರು. ಇದರಿಂದ ಸೂಚಿ ಎಷ್ಟರಮಟ್ಟಿಗೆ ಸಿದ್ಧವಾಗಬಲ್ಲುದು, ಎಲ್ಲಿ ದಾರಿ ತಪ್ಪುವುದು ಎಂಬುದನ್ನು ಪುತ್ತೂರು, ಸುಳ್ಯ, ಕಡಬ ಸೀಮೆಯ ನಿದರ್ಶನಗಳಿಂದ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಮೊದಲು ಗುಣವನ್ನು ಹೇಳಬೇಕು. ವರ್ಡ್ ತಂತ್ರಾಂಶದಲ್ಲಿ ಎರಡು ಅಂಕಣಗಳ ಕೋಷ್ಟಕವೊಂದನ್ನು ಮಾಡಿ, ಎಡಗಡೆ ಹುಡುಕಬೇಕಾದ ಪದವನ್ನೂ ಬಲಗಡೆ ಸೂಚಿಯಲ್ಲಿ ಕಾಣಬೇಕಾದ ಶೀರ್ಷಿಕೆಯನ್ನೂ ಬರೆದುಕೊಟ್ಟರೆ, ಗ್ರಂಥದಲ್ಲಿ ಆ ಪದಗಳ ಬಳಿ ಅಚ್ಚಿನಲ್ಲಿ ಕಾಣದ ಗುರುತುಗಳು ಬೀಳುತ್ತವೆ. ಮ್ಯಾಕ್ರೊ ಈ ಕೆಲಸವನ್ನು ಪ್ರತಿ ಅಧ್ಯಾಯಕ್ಕೂ ಅನ್ವಯಿಸುತ್ತದೆ. ಪುಟಗಳು ಹಿಂದುಮುಂದಾದರೂ ಪುಟಸಂಖ್ಯೆಗಳನ್ನು ಕೈಯಿಂದ ತಿದ್ದಬೇಕಾಗಿಲ್ಲ. ಚೀಟಿಗಳಲ್ಲಿ ಬರೆದು ಜೋಡಿಸಿ, ಕರಡಚ್ಚು ಬದಲಾದಾಗಲೆಲ್ಲ ಮತ್ತೆ ತಾಳೆ ನೋಡುತ್ತಿದ್ದವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಯಂತ್ರ ಹುಡುಕುವುದು ಅಕ್ಷರಗಳ ಸಾಲನ್ನು, ಅರ್ಥವನ್ನಲ್ಲ. ಕನ್ನಡದ ನಾಮಪದ ವಿಭಕ್ತಿಯನ್ನು ತಳೆದೊಡನೆ ರೂಪ ಬದಲಿಸುತ್ತದೆ. 'ಪುತ್ತೂರು' ಎಂಬುದನ್ನಷ್ಟೇ ಕೊಟ್ಟರೆ ಪುತ್ತೂರಿನ, ಪುತ್ತೂರಿಗೆ, ಪುತ್ತೂರಲ್ಲಿ ಎಂಬ ರೂಪಗಳು ತಪ್ಪಿಹೋಗುತ್ತವೆ. 'ಪುತ್ತ' ಎಂದು ಮೊಟಕುಗೊಳಿಸಿದರೆ ಪುತ್ತಿಗೆಯೂ ಪುತ್ತಳಿಯೂ ಒಳಸೇರುತ್ತವೆ. ವಿಂಗಡಣೆಯಲ್ಲಿಯೂ ತೊಡಕುಂಟು. ನಮ್ಮ ನಿಘಂಟುಗಳಲ್ಲಿ ಳಕಾರವು ಹಕಾರದ ನಂತರ ಬರುತ್ತದೆ. ಯುನಿಕೋಡ್ ಸಂಕೇತದಲ್ಲಿ ಲಕಾರದ ಬೆನ್ನಿಗೇ ಇದೆ. ಸಂಕೇತಗಳ ಸಂಖ್ಯೆಯನ್ನೇ ಹೋಲಿಸುವ ಮ್ಯಾಕ್ರೊ ಬಳ್ಪವನ್ನು ಬಸ್ರೂರಿಗಿಂತ ಮುಂದಿಡುವುದು ಈ ಕಾರಣದಿಂದ. ಇವು ತಿದ್ದಬಹುದಾದ ದೋಷಗಳು. ರೂಪಗಳನ್ನೆಲ್ಲ ಪಟ್ಟಿಮಾಡಿ, ವರ್ಣಕ್ರಮವನ್ನು ಬರೆದುಕೊಟ್ಟರೆ ನೀಗುತ್ತವೆ.

ಯಂತ್ರದಿಂದ ತಿದ್ದಲಾಗದ ದೋಷ ಬೇರೊಂದಿದೆ. 1837ರಲ್ಲಿ ಸುಳ್ಯ ಸೀಮೆಯಿಂದ ಹೊರಟು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರನ್ನು ಮುಟ್ಟಿದ ದಂಡಿನ ಚರಿತ್ರೆಯನ್ನು ನೋಡಬಹುದು. ಅದರ ನಾಯಕನಾದ ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯೆಂಬ ಹೆಸರನ್ನು ಧರಿಸಿದವನು. ಆ ಹೆಸರಿನ ನಿಜವಾದ ವ್ಯಕ್ತಿ ಬೇರೆ. ಮ್ಯಾಕ್ರೊ 'ಕಲ್ಯಾಣಸ್ವಾಮಿ' ಎಂಬ ಒಂದೇ ಶೀರ್ಷಿಕೆಯಡಿಯಲ್ಲಿ ಇಬ್ಬರನ್ನು ಒಬ್ಬನನ್ನಾಗಿಸುತ್ತದೆ. ಕಲ್ಯಾಣಪ್ಪ, ಪುಟ್ಟಬಸಪ್ಪ ಎಂಬ ಶೀರ್ಷಿಕೆಗಳಲ್ಲಿ ಒಬ್ಬನನ್ನೇ ಮತ್ತೆ ಒಡೆಯುತ್ತದೆ. ಕೆದಂಬಾಡಿಯ ರಾಮಯ್ಯಗೌಡರೂ ರಾಮೇಗೌಡರೂ ಒಬ್ಬರೇ ಎಂಬುದು ಅದಕ್ಕೆ ತಿಳಿಯದು. ಆ ಘಟನೆಯನ್ನು ಕೆಲವರು ದಂಗೆಯೆಂದೂ ಕೆಲವರು ಸ್ವಾತಂತ್ರ್ಯ ಸಮರವೆಂದೂ ಕರೆದಿರುವರು. ಜನರ ಬಾಯಲ್ಲಿ ಅದು ಕಲ್ಯಾಣಪ್ಪನ ಕಾಟುಕಾಯಿ. ಯಾವುದು ಮುಖ್ಯ ಶೀರ್ಷಿಕೆ, ಯಾವುದು 'ನೋಡಿ' ಎಂಬ ಸೂಚನೆ ಎಂದು ನಿರ್ಧರಿಸುವುದೇ ಚರಿತ್ರೆಯ ತೀರ್ಪು.

ಸ್ಥಳನಾಮಗಳೂ ಹೀಗೆಯೇ. ರಾಷ್ಟ್ರಕೂಟ ದೊರೆ 3ನೆಯ ಗೋವಿಂದನ ತಾಮ್ರಶಾಸನದಿಂದ ಹೆಸರಾದ ಕಡಬ ಗುಬ್ಬಿ ತಾಲ್ಲೂಕಿನದು, ನಮ್ಮ ಕಡಬವಲ್ಲ. ಸುಬ್ರಹ್ಮಣ್ಯ ಎಂಬುದು ಊರು, ದೇವರು, ವ್ಯಕ್ತಿ ಮೂರೂ ಆಗಬಹುದು. ಹಿಂದಿನ ಗ್ರಂಥಗಳಲ್ಲಿ ಸುಳ್ಯ ತಾಲ್ಲೂಕಿನಲ್ಲಿದ್ದ ಆ ಊರು ಈಗ ಕಡಬ ತಾಲ್ಲೂಕಿನಲ್ಲಿದೆ. ಇವನ್ನು ಬೇರ್ಪಡಿಸದ ಸೂಚಿಯನ್ನು ನಂಬಿ ಪುಟ ತೆರೆದ ವಿದ್ಯಾರ್ಥಿ ಒಂದು ಸೀಮೆಯ ಆಧಾರವನ್ನು ಮತ್ತೊಂದಕ್ಕೆ ಅಂಟಿಸುವ ಅಪಾಯವಿದೆ. ಸೂಚಿಯಲ್ಲಿ ಹುಟ್ಟಿದ ತಪ್ಪು ಹೀಗೆ ಮುಂದಿನ ಪ್ರಬಂಧಕ್ಕೆ ದಾಟುತ್ತದೆ.

ಆದುದರಿಂದ ಮ್ಯಾಕ್ರೊವನ್ನು ತ್ಯಜಿಸಬೇಕೆಂದು ನಮ್ಮ ವಾದವಲ್ಲ. ಅದಕ್ಕೆ ಕೊಡುವ ಕೋಷ್ಟಕವನ್ನು ಲೇಖಕನೇ ಸಿದ್ಧಪಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಸಂಶೋಧನ ವಿದ್ಯಾರ್ಥಿಗಳು ಬರೆಹವನ್ನು ಆರಂಭಿಸಿದ ದಿನದಿಂದಲೇ ಪ್ರತಿಯೊಂದು ಹೆಸರಿನ ಪಾಠಾಂತರ, ವ್ಯಕ್ತಿ, ಸ್ಥಳ, ಕಾಲ ಇವನ್ನು ಒಂದೆಡೆ ಬರೆದಿಡತಕ್ಕದ್ದು. ಒಂದೇ ಹೆಸರು ಇಬ್ಬರಿಗಿದ್ದಲ್ಲಿ ಪುಟಪುಟವನ್ನೂ ಓದಿ ಕೈಯಿಂದಲೇ ಗುರುತು ಹಾಕಬೇಕು. ಮಾರ್ಗದರ್ಶಕರು ಪ್ರಬಂಧದ ಜೊತೆಗೆ ಆ ಕೋಷ್ಟಕವನ್ನೂ ಕೇಳಿ ನೋಡುವುದು ಒಳ್ಳೆಯದು. ಪುಟಸಂಖ್ಯೆಯನ್ನು ಯಂತ್ರ ಹಾಕಲಿ. ಯಾರು ಯಾರೆಂಬುದನ್ನು ಇತಿಹಾಸಕಾರನು ಹೇಳಲಿ.