ಏಸಿ ಪೈಪಿಗೆ ಸುತ್ತಿದ ಬಿಳಿ ಪಟ್ಟಿ

ಲಿಂಗಸುಗೂರಿನ ಹೊಸ ಬಡಾವಣೆಗಳಲ್ಲಿ ಸಂಜೆ ತಿರುಗಾಡುವಾಗ ನನ್ನ ಕಣ್ಣು ಈಗೀಗ ಮನೆಗಳ ಮುಂಬಾಗಿಲಿಗೆ ಹೋಗುವುದಿಲ್ಲ, ಪಕ್ಕದ ಗೋಡೆಗೆ ಹೋಗುತ್ತದೆ. ಅಲ್ಲಿ ಮಾಳಿಗೆಯ ಅಂಚಿನಿಂದ ತೋಳಿನ ದಪ್ಪದ ಬಿಳಿ ಸುರುಳಿಯೊಂದು ಇಳಿದು ಬಂದು ಗೋಡೆಯ ತೂತಿನೊಳಗೆ ಹೊಕ್ಕಿರುತ್ತದೆ. ಕೈ ಮುರಿದವನಿಗೆ ಪಟ್ಟಿ ಕಟ್ಟಿದ ಹಾಗೆ. ಹಾಕಿಸಿದ ವರ್ಷ ಅದು ಅಚ್ಚ ಬಿಳಿ. ಮರು ಬೇಸಗೆಗೆ ಹಳದಿ. ಅದರ ಮುಂದಿನ ಬೇಸಗೆಗೆ ಬಿಚ್ಚಿ ಜೋತುಬಿದ್ದು ಗಾಳಿಗೆ ಪಟಪಟ ಅನ್ನುತ್ತದೆ. ಒಳಗಿನ ತಾಮ್ರ ಅಲ್ಲಲ್ಲಿ ಇಣುಕುತ್ತದೆ. ಮನೆಗೆ ಎರಡು ಸಲ ಬಣ್ಣ ಬಳಿಸಿದವರೂ ಆ ಪಟ್ಟಿಯ ಕಡೆ ನೋಡಿರುವುದಿಲ್ಲ.

ನನಗೆ ಈ ಚಟ ಹತ್ತಿದ್ದು ನಮ್ಮ ಮನೆಯ ಗೋಡೆಯಿಂದ. ಏಸಿ ಹಾಕಿಸಿದ ವರ್ಷವೇ ಮಲಗುವ ಕೋಣೆಯ ಮೂಲೆಯಲ್ಲಿ ಸಣ್ಣ ಕಲೆ ಬಿದ್ದಿತ್ತು; ಬಣ್ಣದ ದೋಷ ಎಂದುಕೊಂಡೆವು. ಮೂರನೆಯ ವರ್ಷ ಜೂನಿನಲ್ಲಿ ಮೋಡ ಕಟ್ಟಿ ಗಾಳಿಯಲ್ಲಿ ಪಸೆ ಏರಿದ ಮೇಲೆ ಆ ಕಲೆ ಮೊರದಗಲ ಆಯಿತು. ಮಾಳಿಗೆ ಸೋರುತ್ತಿದೆ ಎಂದು ಗೌಂಡಿಯನ್ನು ಕರೆಸಿ ಮೇಲೆಲ್ಲ ವಾಟರ್‌ಪ್ರೂಫ್ ಕೋಟು ಬಳಿಸಿದ್ದಾಯಿತು. ಮಳೆ ಬಾರದ ದಿನವೂ ಕಲೆ ಬೆಳೆಯಿತು. ಕಡೆಗೆ ಏಣಿ ಹಾಕಿ ಹೊರಗಿನ ಟೇಪು ಬಿಚ್ಚಿಸಿದರೆ, ದಪ್ಪ ಪೈಪಿಗೆ ಹಾಕಿದ್ದ ಫೋಮು ಬಿಸ್ಕತ್ತಿನ ಹಾಗೆ ಪುಡಿಯಾಗಿತ್ತು. ತೆಳು ಪೈಪಿಗೆ ಏನೂ ಇರಲೇ ಇಲ್ಲ, ಬರಿಮೈ. ಎರಡರ ಮೇಲೂ ಬೆವರು ಸಾಲುಗಟ್ಟಿ, ಟೇಪಿನ ಒಳಗೊಳಗೇ ಹರಿದು ಗೋಡೆಯ ತೂತು ಸೇರುತ್ತಿತ್ತು.

"ತೆಳ್ಳನ ಪೈಪಿಗೆ ಯಾಕ ಹಾಕಿಲ್ಲ ತಮ್ಮಾ?" ಎಂದು ಫಿಟ್ಟಿಂಗ್ ಹುಡುಗನನ್ನು ಕೇಳಿದೆ.

"ಅದರಾಗ ಲಿಕ್ವಿಡ್ ಇರ್ತದ್ರಿ ಸರ್, ಅದಕ್ಕೇನ್ ಬ್ಯಾಡ. ಮ್ಯಾಲ ಟೇಪ್ ಸುತ್ತೇವಲ್ರಿ, ನೋಡಾಕ ಚಂದ ಕಾಣ್ತದ."

ನನ್ನ ತಕರಾರು ಈ 'ನೋಡಾಕ ಚಂದ'ದ ಮೇಲೆ. ಏಸಿಯ ಹೊರಗಿನ ಪೈಪಿಗೆ ಹೊದಿಕೆ ಹಾಕುವುದನ್ನು ನಮ್ಮ ಊರು ಅಲಂಕಾರದ ಕೆಲಸ ಎಂದು ತಿಳಿದುಕೊಂಡಿದೆ. ಕೊನೆಗೆ, ಅವಸರದಲ್ಲಿ, ಉಳಿದ ಟೇಪಿನಲ್ಲಿ ಮುಗಿಸುವ ಕೆಲಸ ಅದು. ನಿಜವಾಗಿ ಆ ಹೊದಿಕೆ ಯಂತ್ರದ್ದೇ ಒಂದು ಭಾಗ.

ಪೈಪಿನೊಳಗೆ ನಡೆಯುವುದು ಇಷ್ಟು. ಸ್ಪ್ಲಿಟ್ ಏಸಿಯಲ್ಲಿ ಎರಡು ತಾಮ್ರದ ಕೊಳವೆಗಳು: ಕಾಲು ಇಂಚಿನದೊಂದು, ಅದಕ್ಕಿಂತ ದಪ್ಪನೆಯದೊಂದು, ಒಂದೂವರೆ ಟನ್ನಿನದಾದರೆ ಸಾಮಾನ್ಯವಾಗಿ ಅರ್ಧ ಇಂಚು. ದಪ್ಪನೆಯದು ಕೋಣೆಯ ಸೆಕೆಯನ್ನು ಹೀರಿಕೊಂಡ ಗ್ಯಾಸನ್ನು ಹೊರಗಿನ ಕಂಪ್ರೆಸರಿಗೆ ಮರಳಿಸುತ್ತದೆ. ಸೆಕೆ ಹೀರಿದ ಮೇಲೂ ಆ ಗ್ಯಾಸು ತಣ್ಣಗೇ ಇರುತ್ತದೆ. ತೆಳುವಾದದ್ದರಲ್ಲಿ ದ್ರವ ಹೋಗುತ್ತದೆ ಎಂಬ ಮಾತು ನಿಜ, ಆದರೆ ಅದು ಬಿಸಿ ದ್ರವ ಎಂಬ ಊಹೆ ಸುಳ್ಳು. ದ್ರವದ ಒತ್ತಡ ಇಳಿಸಿ ಅದನ್ನು ತಣ್ಣಗೆ ಮಾಡುವ ಭಾಗ, ಹಳೆಯದರಲ್ಲಿ ಕೂದಲೆಳೆಯಂಥ ಕೊಳವೆ, ಇನ್ವರ್ಟರ್ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ವಾಲ್ವು, ಮನೆಗೆ ಹಾಕುವ ಬಹುಪಾಲು ಸ್ಪ್ಲಿಟ್‌ಗಳಲ್ಲಿ ಹೊರಗಿನ ಪೆಟ್ಟಿಗೆಯಲ್ಲೇ ಇರುತ್ತದೆ. ಅಂದರೆ ದ್ರವ ತಣ್ಣಗಾಗಿಯೇ ಮನೆಯೊಳಕ್ಕೆ ಹೊರಡುತ್ತದೆ. ದೊಡ್ಡ ಕಟ್ಟಡಗಳ ಡಕ್ಟ್ ಏಸಿಗಳಲ್ಲಿ ಆ ವಾಲ್ವು ಒಳಗಡೆ ಇರುವುದರಿಂದ ತೆಳು ಪೈಪು ಬಿಸಿಯಾಗಿಯೇ ಓಡುತ್ತದೆ, ಅಲ್ಲಿ ಅದನ್ನು ಬರಿಮೈ ಬಿಟ್ಟರೂ ನಡೆಯುತ್ತದೆ. ಆ ಕಡೆಯ ರೂಢಿ ಕೈಯಿಂದ ಕೈಗೆ ದಾಟಿ ಈ ಕಡೆಗೂ ಬಂದಿರಬೇಕು. ನಂಬದವರು ಏಸಿ ಅರ್ಧ ತಾಸು ಓಡಿದ ಮೇಲೆ ಹೊರಗಿನ ಪೆಟ್ಟಿಗೆಯ ಪಕ್ಕದಲ್ಲಿ ತೆಳು ಪೈಪಿನ ನಟ್ಟಿನ ಹತ್ತಿರ ನೋಡಲಿ. ಹನಿ ಕೂತಿರುತ್ತದೆ.

ಹೊರಗೆ ನಲವತ್ತೆರಡು ಡಿಗ್ರಿ, ಪೈಪಿನ ಮೈ ಹತ್ತರ ಆಸುಪಾಸು. ನಡುವೆ ಫೋಮು ಇಲ್ಲದಿದ್ದರೆ ಪೈಪು ಬೀದಿಯನ್ನು ತಂಪು ಮಾಡಲು ಹೊರಡುತ್ತದೆ. ಕರೆಂಟಿನ ಹಣ ನಮ್ಮದು. ಕಂಪ್ರೆಸರಿಗೆ ಮರಳುವ ಗ್ಯಾಸು ದಾರಿಯಲ್ಲಿ ಬಿಸಿಯಾದಷ್ಟೂ ಅಲ್ಲಿಂದ ಹೊರಡುವ ಗ್ಯಾಸಿನ ಬಿಸಿ ಏರುತ್ತದೆ. ಈಗ ಮಾರುಕಟ್ಟೆಯ ಹೆಚ್ಚಿನ ಏಸಿಗಳಲ್ಲಿರುವ ಆರ್-32 ಗ್ಯಾಸು ಹಳೆಯ ಆರ್-410ಎಗಿಂತ ಹೆಚ್ಚು ಬಿಸಿಯಾಗಿಯೇ ಕಂಪ್ರೆಸರಿನಿಂದ ಹೊರಬೀಳುವಂಥದು, ಅದಕ್ಕೆ ಈ ಹೆಚ್ಚುವರಿ ಹೊರೆ ಬೇಡ. ಕರೆಂಟು ಉಳಿಯಲೆಂದೇ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಏಸಿಗಳೆಲ್ಲ ಹಚ್ಚಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕೆಂದು ಸರ್ಕಾರ ಕಡ್ಡಾಯ ಮಾಡಿತು. ಐದು ಸ್ಟಾರು ಎಣಿಸಿ ಏಸಿ ತರುತ್ತೇವೆ, ಆ ಸ್ಟಾರುಗಳನ್ನು ಹೊರಗೋಡೆಯಲ್ಲಿ ಸೋರಿಸುತ್ತೇವೆ, ಜೆಸ್ಕಾಂ ಕರೆಂಟು ಬಿಲ್ಲು ಬಂದಾಗ ಏಸಿ ಕಂಪನಿಯನ್ನು ಬೈಯುತ್ತೇವೆ.

ಒಣ ಬೇಸಗೆಯಲ್ಲಿ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ, ಕೂತ ಹನಿ ಅಲ್ಲೇ ಆರಿಹೋಗುತ್ತದೆ. ಮಳೆಗಾಲದಲ್ಲಿ ಮಾತ್ರ ನೀರಾಗಿ ಗೋಡೆಗಿಳಿಯುತ್ತದೆ. ಸಿಂಧನೂರಿನ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳ ಮಗ್ಗುಲಲ್ಲಿ ಮನೆ ಇರುವವರಿಗೆ ಇದು ಇನ್ನೂ ಬೇಗ ಗೊತ್ತಾದೀತು.

ಸೋಜಿಗವೆಂದರೆ ಬಿಸಿಲಿನ ಬಗ್ಗೆ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎರೆ ನೆಲದಲ್ಲಿ ಮಣ್ಣಿನ ಮಾಳಿಗೆಯ ಮನೆಗಳಿದ್ದವು. ಗೋಡೆ ಮೊಳಗಟ್ಟಲೆ ದಪ್ಪ, ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು, ಕಾಲಡಿಗೆ ಶಹಾಬಾದ್ ಪರ್ಸಿ. ಒಂದು ಕಾಲಕ್ಕೆ ಲಿಂಗಸುಗೂರು ದಂಡಿನ ಛಾವಣಿಯ ಊರಾಗಿತ್ತು. ಇಲ್ಲಿ ಬಂದು ನೆಲೆ ನಿಂತ ಬಿಳಿಯ ಅಧಿಕಾರಿಗಳೂ ದಪ್ಪ ಗೋಡೆ, ಆಳವಾದ ವರಾಂಡದ ಮೊರೆ ಹೋದವರೇ. ಇವತ್ತಿಗೂ ಬೋರಿನಿಂದ ಹೊಲಕ್ಕೆ ನೀರು ಒಯ್ಯುವ ರೈತನನ್ನು ಕೇಳಿ. ಪಿವಿಸಿ ಪೈಪು ಬಿಸಿಲಿಗೆ ಬಿಟ್ಟರೆ ಎರಡು ವರ್ಷಕ್ಕೆ ಗಾಜಿನ ಹಾಗೆ ಚೂರಾಗುತ್ತದೆ, ಅದಕ್ಕೇ ನೆಲದಡಿ ಹೂಳುತ್ತಾನೆ. ಮೇಲೆ ಎಳೆದಾಡಲು ಕಪ್ಪು ಪೈಪು ತರುತ್ತಾನೆ. ಆ ಕಪ್ಪು ಬರೀ ಬಣ್ಣವಲ್ಲ, ಬಿಸಿಲಿನ ಏಟು ತಡೆಯಲು ಬೆರೆಸಿದ ಮಸಿ. ಭತ್ತದ ರಾಶಿಗೆ ಹೊದಿಸಿದ ತಾಡಪತ್ರಿ ಎಷ್ಟು ಬೇಸಗೆ ಬಾಳುತ್ತದೆ ಎಂಬುದೂ ಅವನಿಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದ ಮನೆಯಲ್ಲಿ, ಬಿಸಿಲನ್ನು ಎದುರಿಸಲೆಂದೇ ತಂದ ಯಂತ್ರದ ನರಕ್ಕೆ ಮಾತ್ರ ತೆಳು ಪ್ಲಾಸ್ಟಿಕ್ಕಿನ ಪಟ್ಟಿ!

ಆ ಟೇಪಿನ ಬಗ್ಗೆಯೇ ಎರಡು ಮಾತು. ಅದಕ್ಕೆ ಅಂಟು ಇರುವುದಿಲ್ಲ, ತನ್ನ ಮೇಲೆ ತಾನೇ ಬಿಗಿದುಕೊಂಡು ನಿಂತಿರುತ್ತದೆ. ಅದನ್ನು ಮೆತ್ತಗೆ ಇಟ್ಟಿರುವ ಎಣ್ಣೆಯಂಥ ಅಂಶ ಬಿಸಿಲಿಗೆ ಆರಿತೆಂದರೆ ಬಿರುಸಾಗಿ ಬಿರಿಯುತ್ತದೆ. ಸಾಲದ್ದಕ್ಕೆ ಸುತ್ತುವ ದಿಕ್ಕು ಬೇರೆ ತಪ್ಪು. ನಾನು ನೋಡಿದ ಹತ್ತರಲ್ಲಿ ಎಂಟು ಮನೆಗಳಲ್ಲಿ ಮೇಲಿನಿಂದ ಕೆಳಕ್ಕೆ ಸುತ್ತಿದ್ದಾರೆ. ಹಾಗೆ ಸುತ್ತಿದರೆ ಪ್ರತಿ ಸುತ್ತಿನ ಅಂಚು ಮೇಲ್ಮುಖವಾಗಿ ಬಾಯಿ ತೆರೆದು ಮಳೆ ನೀರನ್ನು ಒಳಗೆ ಕರೆದುಕೊಳ್ಳುತ್ತದೆ. ಕೆಳಗಿನಿಂದ ಮೇಲಕ್ಕೆ ಅರ್ಧರ್ಧ ಮೇಲೇರಿಸುತ್ತ ಸುತ್ತಿದರೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತು ನೀರನ್ನು ಜಾರಿಸುತ್ತದೆ. ಬಣವೆ ಒಟ್ಟುವ ಆಳು ಇದನ್ನು ಯಾವ ತರಬೇತಿಯೂ ಇಲ್ಲದೆ ಮಾಡುತ್ತಾನೆ. ಚಂದ ಕಾಣಲಿ ಎಂದು ಎಳೆದೆಳೆದು ಬಿಗಿಯುವುದು ಇನ್ನೊಂದು ಚಾಳಿ. ಫೋಮಿನ ಗುಣ ಇರುವುದು ಅದರೊಳಗಿನ ಗಾಳಿಯ ಗುಳ್ಳೆಗಳಲ್ಲಿ; ಹಿಸುಕಿ ಅರ್ಧ ಮಾಡಿದರೆ ತಡೆಯುವ ಶಕ್ತಿಯೂ ಇಳಿಯುತ್ತದೆ.

ಫೋಮಿನಲ್ಲೂ ಜಾತಿಗಳಿವೆ. ಡಬ್ಬಿಯ ಜೊತೆ ಬರುವ ಬಿಳಿ ಫೋಮು ಅಗ್ಗದ್ದು, ಬೇಗ ಸಾಯುತ್ತದೆ. ಕಪ್ಪು ನೈಟ್ರೈಲ್ ರಬ್ಬರಿನದು ವಾಸಿ, ಗುಳ್ಳೆಗಳೆಲ್ಲ ಬಾಯಿ ಮುಚ್ಚಿರುವುದರಿಂದ ಪಸೆಯನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಒಂಬತ್ತು ಮಿಲಿಮೀಟರ್ ದಪ್ಪದ್ದು ಸಿಗುತ್ತದೆ, ನಮ್ಮ ಬಿಸಿಲಿಗೆ ಹದಿಮೂರರದೇ ಮೇಲು. ಆದರೆ ಕಪ್ಪಿದ್ದ ಮಾತ್ರಕ್ಕೆ ಅದು ಹೊಲದ ಪೈಪಿನ ಹಾಗೆ ಬಿಸಿಲು ತಡೆದೀತು ಎಂದುಕೊಳ್ಳಬಾರದು. ಬಿಸಿಲಿಗೆ ಬಿಟ್ಟರೆ ಅದರ ಮೈಯೂ ಗಟ್ಟಿಯಾಗಿ ಸೀಳುತ್ತದೆ, ಮೇಲೊಂದು ಅಂಗಿ ಬೇಕೇ ಬೇಕು. ಜಪಾನಿನ ಮನೆಗಳಲ್ಲಿ ಗೋಡೆಯ ಬಣ್ಣಕ್ಕೇ ಹೊಂದುವ ಪ್ಲಾಸ್ಟಿಕ್ ಕವರು, ಅದಕ್ಕೆ ತಕ್ಕ ಬಾಗು, ಬಾಯಿ ಮುಚ್ಚಳ ಎಲ್ಲ ಸಾಮಾನ್ಯ. ಅವು ಈಗ ನಮ್ಮಲ್ಲೂ ತರಿಸಿದರೆ ಸಿಗುತ್ತವೆ, ನೋಡಲು ನಿಜಕ್ಕೂ ಚೆಂದ. ಆದರೆ ಒಂದು ಮನೆಯಲ್ಲಿ ಅಂಥ ಕವರು ತೆಗೆಸಿ ನೋಡಿದಾಗ ಒಳಗೆ ಫೋಮೇ ಇರಲಿಲ್ಲ. ಅಂಗಿ ರೇಷ್ಮೆಯದು, ಒಳಗೆ ಬನಿಯನ್ ಇಲ್ಲ. ಕವರು ಬಿಸಿಲು ಮಳೆ ತಡೆಯುತ್ತದೆ, ತಂಪು ಹಿಡಿದಿಡುವುದು ಫೋಮು. ಒಂದರ ಕೆಲಸ ಇನ್ನೊಂದು ಮಾಡದು.

ಹೊಸ ಮನೆ ಕಟ್ಟಿಸುವವರಲ್ಲಿ ಪೈಪನ್ನು ಗೋಡೆಯೊಳಗೇ ಹೂತು ಪ್ಲಾಸ್ಟರ್ ಮಾಡಿಸುವ ಹುಚ್ಚು ಶುರುವಾಗಿದೆ. ಹೊರಗೆ ಏನೂ ಕಾಣದು, ಸರಿ. ನಾಳೆ ಗೋಡೆಯ ನಡುವೆ ಎಲ್ಲಾದರೂ ಸೋರಿದರೆ ಹುಡುಕಲು ಸುತ್ತಿಗೆ ಬೇಕು. ಪೈಪು ಸಲೀಸಾಗಿ ಹೊರಗೆಳೆಯಲು ಬರುವಷ್ಟು ಅಗಲದ ಕೊಳವೆಯನ್ನು ಮೊದಲೇ ಹೂಳಿ, ನಡುವೆ ಒಂದೂ ಜೋಡಣೆ ಇಲ್ಲದ ಹಾಗೆ ಎಳೆಸುವುದಾದರೆ ಮಾತು ಬೇರೆ. ಹಾಗೆ ಮಾಡಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಇನ್ನು ಪೈಪು ಬಿಟ್ಟು ಹೊರಗಿನ ಪೆಟ್ಟಿಗೆಗೇ ತಾಡಪತ್ರಿ ಹೊದಿಸುವವರು, ಸುತ್ತ ತಗಡು ಕಟ್ಟುವವರು ಇದ್ದಾರೆ. ಪೈಪಿಗೆ ಬೇಕಾದದ್ದು ಹೊದಿಕೆ, ಆ ಪೆಟ್ಟಿಗೆಗೆ ಬೇಕಾದದ್ದು ಗಾಳಿ. ಮೇಲೊಂದು ನೆರಳು ಮಾಡಿ, ನಾಲ್ಕೂ ಕಡೆ ತೆರೆದೇ ಬಿಡಬೇಕು.

ತಪ್ಪನ್ನೆಲ್ಲ ಫಿಟ್ಟಿಂಗ್ ಹುಡುಗರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಮಾರ್ಚ್ ಬಂತೆಂದರೆ ಅವರಿಗೆ ದಿನಕ್ಕೆ ನಾಲ್ಕೈದು ಮನೆ. ಸುಡುವ ಮಾಳಿಗೆಯ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಕೂತು, ಮೇಲೆ ಒಂದು ಕಾಲು ಕೆಳಗೆ ಒಂದು ಕಾಲು ಇಟ್ಟು ಟೇಪು ಸುತ್ತುವವನಿಗೆ ದಿಕ್ಕಿನ ಶಾಸ್ತ್ರ ಹೇಳುವುದು ಸುಲಭ. ಫಿಟ್ಟಿಂಗಿನ ಕೂಲಿ ಇಷ್ಟೇ ಎಂದು ಗೊತ್ತಾಗಿರುತ್ತದೆ. ತೆಳು ಪೈಪಿಗೂ ಫೋಮು ಹಾಕಿದರೆ ಆ ದುಡ್ಡು ಅವನ ಜೇಬಿನಿಂದ. ನಾವಾದರೂ ಹೆಚ್ಚಿಗೆ ಕೊಡುತ್ತೇವೆ ಅಂತೀವಾ? ಕೋಣೆಯಲ್ಲಿ ಏಸಿ ಯಾವ ಗೋಡೆಗೆ, ಟಿವಿಗೆ ಎಷ್ಟು ದೂರ ಎಂಬುದಕ್ಕೆ ಮನೆಮಂದಿಯೆಲ್ಲ ಸೇರಿ ಚರ್ಚೆ ಮಾಡುತ್ತೇವೆ. ಪೈಪು ಗೋಡೆ ದಾಟಿದ ಮೇಲೆ ಅದು ಮೆಕ್ಯಾನಿಕ್ಕಿನ ಲೋಕ.

ನಮ್ಮ ಮನೆಯದನ್ನು ಸರಿ ಮಾಡಿಸಿದ್ದು ಹೀಗೆ. ಎರಡೂ ಪೈಪಿಗೆ ಬೇರೆ ಬೇರೆಯಾಗಿ ಕಪ್ಪು ಫೋಮು, ಸಂದಿಗೆ ಅಂಟು. ಟೇಪು ಕೆಳಗಿನಿಂದ ಮೇಲಕ್ಕೆ, ಸಡಿಲವಾಗಿ. ಅದರ ಮೇಲೆ ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಗೋಡೆಗೆ ಕವುಚಿ ಕ್ಲ್ಯಾಂಪ್ ಹಾಕಿ, ಗೋಡೆಯದೇ ಬಣ್ಣ ಎರಡು ಕೈ. ಅಂದರೆ ಮುಂದೆ ಬಿಸಿಲು ತಿನ್ನುವುದು ಬಣ್ಣವನ್ನು, ಅದನ್ನು ಮತ್ತೆ ಬಳಿಯಬಹುದು. ತೂತಿನ ಹತ್ತಿರ ಪೈಪುಗಳನ್ನು ಒಂದು ಗೇಣು ಕೆಳಗೆ ಬಾಗಿಸಿ ಮೇಲೆತ್ತಿ ಒಳಗೆ ಬಿಟ್ಟೆವು, ನೀರೇನಾದರೂ ಬಂದರೆ ಆ ಬಾಗಿನಲ್ಲೇ ತೊಟ್ಟಿಕ್ಕಲಿ ಎಂದು. ತೂತಿನ ಬಾಯಿಗೆ ಪುಟ್ಟಿ ಮೆತ್ತಿದ್ದಾಯಿತು. ಹಲ್ಲಿ, ಇಲಿ, ಅಳಿಲಿಗೆ ಅದೇ ಹೆದ್ದಾರಿಯಾಗಿತ್ತು. ಎರಡು ತುದಿಯ ನಟ್ಟುಗಳನ್ನು ಮಾತ್ರ ಬಿಚ್ಚಿ ನೋಡಲು ಬರುವ ಹಾಗೆ ಬಿಟ್ಟಿದ್ದೇವೆ. ಎಲ್ಲ ಸೇರಿ ಖರ್ಚು ಒಂದು ಸಲ ಗ್ಯಾಸು ತುಂಬಿಸುವುದಕ್ಕಿಂತ ಕಡಿಮೆಯೇ ಆಯಿತು. ಗೌಂಡಿಗೆ ಕೊಟ್ಟ ವಾಟರ್‌ಪ್ರೂಫ್ ಕೋಟಿನ ದುಡ್ಡು ಅದರ ಮೂರು ಪಟ್ಟು. ಕಲೆ ಮುಂದಿನ ಮಳೆಗಾಲಕ್ಕೆ ಬೆಳೆಯಲಿಲ್ಲ.

ನಿಮ್ಮ ಮನೆಗೆ ಏಸಿ ಹಾಕಲು ಬಂದ ದಿನ ಒಳಗೆ ರಿಮೋಟು ಹಿಡಿದು ಕೂರಬೇಡಿ. ಹುಡುಗರಿಗೆ ಒಂದು ತಂಬಿಗೆ ತಣ್ಣೀರು ಕೊಟ್ಟು, ತೆಳು ಪೈಪಿನ ಫೋಮಿಗೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ ಆ ದುಡ್ಡು ಬೇರೆ ಕೊಡಿ. ಆಮೇಲೆ ಹೊರಗೆ ಬಂದು, ಟೇಪಿನ ಮೊದಲ ಸುತ್ತು ಕೆಳಗಿನಿಂದ ಶುರುವಾಯಿತೇ ನೋಡಿ.